ಅಮ್ಮನ ಚೀಟಿ ಪುಸ್ತಕ, ಮಾವನ ಎರಡು ದಿನ

ನನ್ನ ಸೋದರಮಾವ ಹೈಸ್ಕೂಲ್ ಮೇಷ್ಟರಾಗಿದ್ದು ರಿಟೈರ್ ಆದವರು. ಹಾಸನದಲ್ಲಿ ಮನೆ. ವಯಸ್ಸು ಅರವತ್ತೊಂಬತ್ತು. ಹೋದ ವರ್ಷ ಫೆಬ್ರವರಿಯಲ್ಲಿ ಅತ್ತೆ ಮಗಳ ಬಾಣಂತನಕ್ಕೆ ಅಂತ ಪುಣೆಗೆ ಹೋಗಿದ್ದರು, ಮನೆಯಲ್ಲಿ ಮಾವ ಒಬ್ಬರೇ. ಒಂದು ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ ಪೇಪರ್ ಓದುತ್ತಿದ್ದಾಗ ಫೋನ್ ಬಂತು. ನಿಮ್ಮ ಆಧಾರ್ ನಂಬರಿನಲ್ಲಿ ಒಂದು ಪಾರ್ಸೆಲ್ ಹೋಗಿದೆ, ಅದರಲ್ಲಿ ಡ್ರಗ್ಸ್ ಸಿಕ್ಕಿದೆ, ಲೈನಿನಲ್ಲೇ ಇರಿ, ಮುಂಬೈ ಪೊಲೀಸರಿಗೆ ಕೊಡ್ತೀವಿ ಅಂದರು. ಅಲ್ಲಿ ಶುರುವಾದದ್ದು ನಿಂತದ್ದು ಶುಕ್ರವಾರ ಸಂಜೆ. ಅಷ್ಟರಲ್ಲಿ ಮಾವನ ಎರಡು ಎಫ್‌ಡಿ ಮುರಿದು 11,40,000 ರೂಪಾಯಿ ಯಾರದೋ ಖಾತೆಗೆ ಹೋಗಿತ್ತು.

ಪೊಲೀಸರು ಅಂತ ಹೇಳಿಕೊಂಡು ಫೋನಿನಲ್ಲೇ ಹಿಡಿದಿಟ್ಟು ದುಡ್ಡು ಕೀಳುವ ಈ ಮೋಸಕ್ಕಿರುವ ಡಿಜಿಟಲ್ ಅರೆಸ್ಟ್ ಅನ್ನೋ ಹೆಸರು ಈಗ ಎಲ್ಲರಿಗೂ ಗೊತ್ತು. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಹೇಳಿದ್ದರು, ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಅಂತ. ಮಾವ ಅದನ್ನು ಕೇಳಿದ್ದರು. ಪಕ್ಕದ ಮನೆಯವರಿಗೆ ಹುಷಾರು ಅಂತ ಹೇಳಿಯೂ ಇದ್ದರು. ಹಾಗಿದ್ದರೂ ಆಯ್ತು. ಯಾಕೆ ಅಂತ ನಾನು ಆಮೇಲೆ ತುಂಬ ಯೋಚನೆ ಮಾಡಿದೆ. ಫೋನ್ ಮಾಡಿದವನು ‘ಡಿಜಿಟಲ್ ಅರೆಸ್ಟ್’ ಅಂತ ಒಂದು ಸಲವೂ ಅನ್ನಲಿಲ್ಲ. ‘ವೆರಿಫಿಕೇಶನ್’ ಅಂದ. ‘ನೀವು ತಪ್ಪು ಮಾಡಿಲ್ಲ ಅಂತ ನಮಗೆ ಗೊತ್ತು ಸರ್, ನಿಮ್ಮ ಹೆಸರು ಯಾರೋ ಬಳಸಿಕೊಂಡಿದ್ದಾರೆ, ನಿಮ್ಮನ್ನ ಉಳಿಸೋಕೇ ನಾವಿರೋದು’ ಅಂದ. ಪೇಪರಿನಲ್ಲಿ ಓದಿದ ಮೋಸ ಬೇರೆ, ಮನೆಗೆ ಬಂದಿರುವ ಸಹಾಯ ಬೇರೆ ಅಂತಲೇ ಮಾವನಿಗೆ ಅನ್ನಿಸಿದೆ. ಎಚ್ಚರಿಕೆ ಒಂದು ಹೆಸರಿನಲ್ಲಿ ಬರುತ್ತೆ, ಮೋಸ ಇನ್ನೊಂದು ಹೆಸರಿನಲ್ಲಿ ಬರುತ್ತೆ.

ಎರಡು ದಿನ ವಿಡಿಯೋ ಕಾಲ್ ಆನ್ ಆಗಿಯೇ ಇತ್ತಂತೆ. ರಾತ್ರಿ ಮಲಗುವಾಗಲೂ ಫೋನನ್ನು ಮಂಚದ ಪಕ್ಕ ಕುರ್ಚಿಯ ಮೇಲೆ ನಿಲ್ಲಿಸಿಕೊಂಡು ಮಲಗಿದ್ದಾರೆ. ಅತ್ತೆ ಫೋನ್ ಮಾಡಿದರೆ ಏನು ಹೇಳಬೇಕು, ಬ್ಯಾಂಕಿನಲ್ಲಿ ಯಾಕೆ ಎಫ್‌ಡಿ ಮುರೀತಿದ್ದೀರಿ ಅಂತ ಕೇಳಿದರೆ ಏನು ಹೇಳಬೇಕು ಅಂತ ಅವನೇ ಹೇಳಿಕೊಟ್ಟಿದ್ದ. ಮಗಳಿಗೆ ಫ್ಲ್ಯಾಟ್ ಕೊಡಿಸ್ತಿದ್ದೀನಿ ಅನ್ನಿ ಅಂತ. ಬ್ಯಾಂಕಿನವರು ಕೇಳಿದರು, ಮಾವ ಹಾಗೇ ಹೇಳಿದರು. ಹಣ ‘ಪರಿಶೀಲನೆ’ ಆಗಿ ಮೂರು ದಿನದಲ್ಲಿ ವಾಪಸ್ ಬರುತ್ತೆ ಅಂತ ಅವರು ಪೂರ್ತಿ ನಂಬಿದ್ದರು.

ಭಾನುವಾರ ಅಮ್ಮನ ಜೊತೆ ನಾನೂ ತುಮಕೂರಿನಿಂದ ಹೋದೆ. ಮಾವ ಊಟದ ಮೇಜಿನ ಮುಂದೆ ಕೂತಿದ್ದರು, ಫೋನನ್ನು ಬೋರಲು ಹಾಕಿದ್ದರು. ಎಲ್‌ಐಸಿ ಬಾಂಡ್ ಇಡುವ ಪ್ಲಾಸ್ಟಿಕ್ ಫೈಲಿನಿಂದ ಮೂರು ಕಾಗದ ತೆಗೆದು ನನ್ನ ಮುಂದಿಟ್ಟರು. ಫೋನ್ ಮಾಡಿದವರು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಮಾವ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು, ಹೋಗಿಬರಲು ಇಪ್ಪತ್ತು ನಿಮಿಷ ‘ಪರ್ಮಿಶನ್’ ತಗೊಂಡು. ಮೇಲೆ ಸಿಂಹದ ಲಾಂಛನ. ಕೆಳಗೆ ನೀಲಿ ಗುಂಡು ಮೊಹರು, ಅದರ ಮೇಲೆ ಓದಲಾಗದ ಒಂದು ಸಹಿ. ಮಧ್ಯದಲ್ಲಿ ಮಾವನ ಹೆಸರು, ಸ್ಪೆಲ್ಲಿಂಗ್ ತಪ್ಪಿತ್ತು. ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಮೇಲೆ ದುಂಡಗೆ ಸರಿಯಾದ ಹೆಸರು ಬರೆದಿದ್ದರು.

ನಾನು ಅದನ್ನೇ ನೋಡುತ್ತಿರುವುದು ಗೊತ್ತಾಗಿ ಮಾವ ಹೇಳಿದರು, "ಕೋರ್ಟಿಗೆ ಹೋಗೋ ಕಾಗದ ಅಂದ್ರಲ್ಲಪ್ಪ. ತಪ್ಪಿರಬಾರದು ಅಂತ."

ಆ ಕೆಂಪು ಗೆರೆ ನನ್ನ ಮನಸ್ಸಿನಿಂದ ಹೋಗಿಲ್ಲ. ಮೂವತ್ತಮೂರು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ ಅದು. ಆ ಮನುಷ್ಯನ ಪ್ರಾಮಾಣಿಕತೆಯನ್ನೇ ಹಿಡಿದುಕೊಂಡು ಅವರನ್ನು ಎಳೆದಿದ್ದಾರೆ. ಕಾನೂನಿಗೆ ಹೆದರದವನನ್ನು ಹೀಗೆ ಹೆದರಿಸೋಕೆ ಆಗುತ್ತಾ?

ಆದರೆ ಅವತ್ತು ಫೋನಿನಲ್ಲಿ ಮಾತಾಡಿದ ನೆಂಟರೆಲ್ಲ ಒಂದೇ ಮಾತು ಹೇಳಿದರು. ಓದಿದೋರು ನೀವು, ಇಷ್ಟೂ ಗೊತ್ತಾಗಲಿಲ್ವಾ? ಪುಣೆಯಿಂದ ಅಳಿಯ ಕೇಳಿದ. ಬೆಂಗಳೂರಿನಿಂದ ನಮ್ಮ ದೊಡ್ಡಪ್ಪನ ಮಗ ಕೇಳಿದ. ನಾನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದೂ ಅದೇ ಪ್ರಶ್ನೆ. ಮಾವ ಯಾರಿಗೂ ಎದುರು ಮಾತಾಡಲಿಲ್ಲ. "ಹೌದು, ತಪ್ಪಾಯ್ತು, ಮೋಸ ಹೋದೆ" ಅಂತ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದವರು ಹೇಳುವ ಹಾಗೆ.

ಆಗ ಅಮ್ಮ ತನ್ನ ಬ್ಯಾಗಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಅಣ್ಣನ ಮುಂದೆ ಇಟ್ಟಳು. ಉದ್ದಕ್ಕಿರುವ, ಕೆಂಪು ರಟ್ಟಿನ, ಅಂಗಡಿಯವರು ಲೆಕ್ಕ ಬರೆಯುವಂಥ ಪುಸ್ತಕ. ಮೊದಲ ಪುಟದ ಮೂಲೆಗೆ ಅರಿಶಿನ ಹಚ್ಚಿತ್ತು. ಮೇಲೆ ಶ್ರೀ ಅಂತ ಬರೆದಿತ್ತು. ಕೆಳಗೆ ಅಮ್ಮನ ಅಕ್ಷರದಲ್ಲಿ 1ರಿಂದ 20ರವರೆಗೆ ನಂಬರ್. ಹದಿನಾಲ್ಕು ಸಾಲಿನಲ್ಲಿ ತಾರೀಖು, ಮೊತ್ತ, ಒಂದು ಸಹಿ. ಹದಿನೈದರಿಂದ ಇಪ್ಪತ್ತು, ಬರೀ ನಂಬರ್. ಎದುರಿಗೆ ಖಾಲಿ.

"30,150 ರೂಪಾಯಿ ಅಣ್ಣಾ," ಅಂದಳು. "2006ರಲ್ಲಿ. ಇವರ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ.

ಚೀಟಿ ನಡೆಸುತ್ತಿದ್ದವರು ನಮ್ಮ ಬೀದಿಯ ಕೊನೆ ಮನೆಯವರು. ನಾವು ಹುಡುಗರು ಚೀಟಿ ಆಂಟಿ ಅಂತಿದ್ದೆವು. ಪ್ರತಿ ತಿಂಗಳು ಐದನೇ ತಾರೀಖು ಸಂಜೆ ಅವರ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಕೂರುತ್ತಿದ್ದರು. ಕಾಫಿ ಇರುತ್ತಿತ್ತು, ಒಮ್ಮೊಮ್ಮೆ ನಿಪ್ಪಟ್ಟು. ಇಪ್ಪತ್ತು ಜನ, ತಲೆಗೆ 2,500 ರೂಪಾಯಿ, ಒಟ್ಟು 50,000ದ ಚೀಟಿ. ಮೊದಲ ತಿಂಗಳದ್ದು ನಡೆಸುವವರಿಗೆ. ಎರಡನೇ ತಿಂಗಳಿನಿಂದ ಕೂಗು, ಅಂದರೆ ಹರಾಜು. ಅವಸರ ಇದ್ದವರು ಒಟ್ಟು ಮೊತ್ತದಲ್ಲಿ ಒಂದಷ್ಟು ಬಿಟ್ಟುಕೊಟ್ಟು ಉಳಿದದ್ದನ್ನು ಎತ್ತುತ್ತಾರೆ. ಮಗನ ಫೀಸಿಗೆ ಅಂತ ಒಬ್ಬರು 12,000 ಬಿಟ್ಟು 38,000ಕ್ಕೆ ಎತ್ತಿದರು ಅಂದುಕೊಳ್ಳಿ. ಬಿಟ್ಟ 12,000ದಲ್ಲಿ ನಡೆಸುವವರ ಕಮಿಷನ್ 2,500 ಕಳೆದು ಉಳಿದ 9,500 ಇಪ್ಪತ್ತು ಜನಕ್ಕೂ ಹಂಚಿಕೆ, ತಲೆಗೆ 475. ಆ ತಿಂಗಳು ಎಲ್ಲರೂ 2,025 ಕಟ್ಟಿದರೆ ಸಾಕು. ಬ್ಯಾಂಕಿನ ಬಾಗಿಲು ಹತ್ತದೆ ಹೆಂಗಸರು ಸಾಲವನ್ನೂ ಉಳಿತಾಯವನ್ನೂ ಒಂದೇ ಚಾಪೆಯ ಮೇಲೆ ಮಾಡಿಕೊಳ್ಳುತ್ತಿದ್ದ ರೀತಿ ಇದು. ನನಗೆ ಇದರ ಬಗ್ಗೆ ಗೌರವ ಇದೆ. ಎಷ್ಟೋ ಮನೆಗಳಲ್ಲಿ ಮದುವೆ ಆಗಿರೋದು, ಬೋರ್‌ವೆಲ್ ಕೊರೆಸಿರೋದು ಚೀಟಿ ದುಡ್ಡಿನಲ್ಲೇ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನಡೆಸೋಕೆ ನೋಂದಣಿ, ಠೇವಣಿ ಎಲ್ಲ ಬೇಕು. ಆದರೆ ಬೀದಿಯ ಚೀಟಿ ನಿಂತಿರೋದು ಬರೀ ಮುಖದ ಪರಿಚಯದ ಮೇಲೆ.

ಅಮ್ಮ ಎತ್ತಲೇ ಇಲ್ಲ. ಅವಳಿಗೆ ಅವಸರ ಇರಲಿಲ್ಲ, ಕೊನೆಗೆ ಎತ್ತಿದರೆ ಜಾಸ್ತಿ ಸಿಗುತ್ತೆ, ನನಗೆ ಪಿಯುಸಿಗೆ ಸೇರಿಸುವಾಗ ಆಗುತ್ತೆ ಅಂತ. ಹದಿನೈದನೇ ತಿಂಗಳು ಐದನೇ ತಾರೀಖು ಹೋದರೆ ಕೊನೆ ಮನೆಗೆ ಬೀಗ.

"ಅವಳು ಮೊದಲೇ ಮೋಸ ಮಾಡಬೇಕು ಅಂತ ಬಂದೋಳಲ್ಲ," ಅಂತ ಅಮ್ಮ ಅಣ್ಣನಿಗೆ ಹೇಳುತ್ತಿದ್ದಳು. ಗಂಡನಿಗೆ ಹುಷಾರಿರಲಿಲ್ಲ. ಮೊದಲೇ ಎತ್ತಿಕೊಂಡ ಇಬ್ಬರು ಆಮೇಲೆ ಕಟ್ಟೋದು ನಿಲ್ಲಿಸಿದರು. ಆ ತೂತು ಮುಚ್ಚೋಕೆ ಅವಳು ಇನ್ನೊಂದು ಚೀಟಿ ಶುರು ಮಾಡಿದಳು, ಅದರ ದುಡ್ಡು ಇದಕ್ಕೆ ಹಾಕಿದಳು. ಒಂಬತ್ತನೇ ತಿಂಗಳ ಹೊತ್ತಿಗೆ ಅವಳಿಗೆ ಗೊತ್ತಾಗಿರಬೇಕು, ಕೊನೆಯವರಿಗೆ ಕೊಡೋಕೆ ತನ್ನ ಕೈಯಲ್ಲಿ ಏನೂ ಉಳಿಯೋದಿಲ್ಲ ಅಂತ. ಹತ್ತನೇ ತಿಂಗಳು ಅಮ್ಮ ಎತ್ತೋಣ ಅಂತ ಹೋದಾಗ ಅವಳು ಹೇಳಿದಳಂತೆ, "ಅಕ್ಕಾ, ನೀವು ಈಗಲೇ ಯಾಕೆ ಎತ್ತೀರಾ, ಕೊನೇಲಿ ಜಾಸ್ತಿ ಸಿಗುತ್ತೆ."

ಈ ಮಾತನ್ನು ಸ್ವಲ್ಪ ನಿಂತು ನೋಡಿ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಚೀಟಿಯಲ್ಲಿ ಕೊನೆಗೆ ಎತ್ತಿದವರಿಗೆ ಜಾಸ್ತಿ ಸಿಗೋದು ನಿಜ. ಆದರೆ ಮೋಸ ಆದದ್ದು ಆ ಮಾತಿನಲ್ಲೇ, ಆ ಕ್ಷಣದಲ್ಲೇ. ತನಗೆ ಗೊತ್ತಿರೋದು ಎದುರಿಗಿರುವವಳಿಗೆ ಗೊತ್ತಾಗದ ಹಾಗೆ ನೋಡಿಕೊಂಡು, ಗೊತ್ತಿಲ್ಲದ ಅವಳ ಕೈಯಿಂದ ದುಡ್ಡು ಇಸಿದುಕೊಂಡದ್ದು. ಮೋಸ ಅಂದರೆ ಸುಳ್ಳು ಹೇಳೋದು ಅಂತ ನಾನು ಅಂದುಕೊಂಡಿದ್ದೆ. ಅಮ್ಮನ ಚೀಟಿ ಪುಸ್ತಕ ನೋಡಿದ ಮೇಲೆ ಹಾಗೆ ಅನ್ನಿಸೋದಿಲ್ಲ. ನಿಜ ಹೇಳಿಯೂ ಮೋಸ ಮಾಡಬಹುದು, ಸುಮ್ನೆ ಕೂತೂ ಮೋಸ ಮಾಡಬಹುದು.

ಇದು ನನ್ನ ಹೊಸ ಮಾತೇನಲ್ಲ. ಆಮೇಲೆ ಕಾನೂನು ಏನು ಹೇಳುತ್ತೆ ಅಂತ ಓದುತ್ತಾ ಹೋದೆ, ಅಲ್ಲಿ ಇದು 150 ವರ್ಷದಿಂದ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆ ಅಂದರೆ ಏನು ಅಂತ ಬಿಡಿಸಿ ಹೇಳುತ್ತೆ. ತಾನೇ ನಂಬದ್ದನ್ನು ನಿಜ ಅಂತ ಹೇಳೋದು ವಂಚನೆ. ಗೊತ್ತಿದ್ದೂ ಮುಚ್ಚಿಡೋದು ವಂಚನೆ. ನಡೆಸಿಕೊಡುವ ಉದ್ದೇಶವೇ ಇಲ್ಲದೆ ಮಾತು ಕೊಡೋದೂ ವಂಚನೆ. ಅದರ ಕೆಳಗೆ ಉದಾಹರಣೆಗೆ ಅಂತ ಒಂದು ಕುದುರೆ ಬರುತ್ತೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ಖಾಯಿಲೆ ಇರೋದು ಅವನಿಗೆ ಗೊತ್ತು, ಬಾಯಿಬಿಡೋದಿಲ್ಲ. ಕೊಂಡವನು ಯಾರೋ ಹೊರಗಿನವನಾದರೆ ಅದು ವಂಚನೆ ಅಲ್ಲ, ನೋಡಿಕೊಂಡು ಕೊಳ್ಳೋದು ಅವನ ಕೆಲಸ. ಆದರೆ ಕೊಂಡವಳು ಅವನ ಸ್ವಂತ ಮಗಳಾಗಿದ್ದು, ಆಗ ತಾನೇ ಪ್ರಾಯಕ್ಕೆ ಬಂದವಳಾಗಿದ್ದರೆ? ಆಗ ಹೇಳಲೇಬೇಕು. ಸಂಬಂಧವೇ ಅವನಿಗೆ ಆ ಹೊಣೆ ಹೊರಿಸುತ್ತೆ. ಇನ್ನೂ ಒಂದು ಇದೆ. ಕೊಳ್ಳುವವನು, ‘ನೀನು ಇಲ್ಲ ಅನ್ನದೇ ಇದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಕೋತೀನಿ’ ಅಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೂ ಮಾತೇ.

ಓದಿದಾಗ ನನಗೆ ಐದನೇ ತಾರೀಖಿನ ಆ ಚಾಪೆ ಕಣ್ಣಮುಂದೆ ಬಂತು. ಅಮ್ಮ ಆ ಹೆಂಗಸಿನ ಮಗಳಲ್ಲ. ಆದರೆ ಹೆರಿಗೆಗೆ, ಸಾವಿಗೆ, ಮನೆಯ ಬೀಗದ ಕೈ ಕೊಟ್ಟು ಊರಿಗೆ ಹೋಗೋದಕ್ಕೆ ಒಬ್ಬರಿಗೊಬ್ಬರು ಆಗಿದ್ದವರು.

ಕ್ರಿಮಿನಲ್ ಕಾನೂನು ಇನ್ನೂ ಮುಂದೆ ಹೋಗಿ ಒಂದು ಗೆರೆ ಎಳೆಯುತ್ತೆ. ನಮ್ಮ ಬಾಯಲ್ಲಿ ಫೋರ್ ಟ್ವೆಂಟಿ ಅಂತ ಬೈಗುಳವೇ ಆಗಿಹೋದ 420, 1860ರ ದಂಡ ಸಂಹಿತೆಯ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಅದು 318 ಆಗಿದೆ. ಮೋಸ ಅಂದರೆ ಏನು ಅಂತ ಹೇಳುವ ಹಳೆಯ 415ರಲ್ಲಿ ನೀಲಿ ಗಿಡದ ಉದಾಹರಣೆ ಇತ್ತು. ಕೊಡೋ ಇರಾದೆಯೇ ಇಲ್ಲದೆ, ನೀಲಿ ಗಿಡ ಕೊಡ್ತೀನಿ ಅಂತ ಮುಂಗಡ ತಗೊಂಡರೆ ಅದು ಮೋಸ. ಕೊಡಬೇಕು ಅಂತಲೇ ತಗೊಂಡು ಆಮೇಲೆ ಕೊಡದೇ ಹೋದರೆ ಅದು ಬರೀ ಕರಾರು ಮುರಿದದ್ದು, ಸಿವಿಲ್ ದಾವೆ. ಅಂದರೆ ದುಡ್ಡು ಕೈಗೆ ಬರುವ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಅನ್ನೋದೇ ಎಲ್ಲ. ಚೀಟಿ ಆಂಟಿಯ ಮೊದಲ ಎಂಟು ಸಹಿಗೂ ಆಮೇಲಿನ ಸಹಿಗಳಿಗೂ ನನ್ನ ಪ್ರಕಾರ ಇರುವ ವ್ಯತ್ಯಾಸ ಇದು. ಪುಸ್ತಕದಲ್ಲಿ ಮಾತ್ರ ಹದಿನಾಲ್ಕೂ ಒಂದೇ ಥರ ಕಾಣುತ್ತೆ.

ಇಲ್ಲಿ ನಾನು ಗಮನಿಸಿದ್ದು ಬೇರೆ. ಕಾನೂನು ಮೋಸ ಮಾಡಿದವನ ಮನಸ್ಸನ್ನು ಕೆದಕುತ್ತೆ. ನಾವು ಮಾತ್ರ ಮೋಸ ಹೋದವರ ಬುದ್ಧಿಯನ್ನು ಕೆದಕುತ್ತೀವಿ.

ನಮ್ಮ ಮಾತೇ ಹಾಗಿದೆ. ಟೋಪಿ ಹಾಕಿದ ಅಂತೀವಿ. ನಾಮ ಹಾಕಿದ, ಕಿವಿ ಮೇಲೆ ಹೂವಿಟ್ಟ, ಕಣ್ಣಿಗೆ ಮಣ್ಣೆರಚಿದ, ಚಳ್ಳೆಹಣ್ಣು ತಿನ್ನಿಸಿದ. ಟೋಪಿ ಇರೋದು ಯಾರ ತಲೆ ಮೇಲೆ? ಮೋಸ ಹೋದವರ ತಲೆ ಮೇಲೆ. ನಾಮ ಅವರ ಹಣೆಗೆ, ಹೂ ಅವರ ಕಿವಿಗೆ. ಊರೆಲ್ಲ ನೋಡುವ ಗುರುತು ಅವರ ಮೈಮೇಲೆ. ಹಾಕಿದವನ ಮೈಮೇಲೆ ಒಂದು ಗುರುತೂ ಇಲ್ಲ, ಅವನು ಹಾಗೇ ಎದ್ದು ಹೋಗಬಹುದು. ಮನೆಗೆ ಕಳ್ಳ ನುಗ್ಗಿದರೆ ‘ಕಳ್ಳ ಬಂದಿದ್ದ’ ಅಂತೀವಿ, ಊರೇ ಬಂದು ಸಮಾಧಾನ ಹೇಳುತ್ತೆ. ಇಲ್ಲಿ ಮಾತ್ರ ‘ನಾನು ಮೋಸ ಹೋದೆ’. ಹೋದದ್ದು ನಾನು. ಏನೋ ನಾನೇ ಚಪ್ಪಲಿ ಹಾಕಿಕೊಂಡು ಎದ್ದು ಹೋದ ಹಾಗೆ.

ಅಮ್ಮ 19 ವರ್ಷ ಯಾಕೆ ಬಾಯಿಬಿಡಲಿಲ್ಲ ಅಂದರೆ ಇದಕ್ಕೇ. ದುಡ್ಡು ಹೋದದ್ದಕ್ಕಿಂತ ದಡ್ಡಿ ಅನ್ನಿಸಿಕೊಳ್ಳೋದು ಅವಳಿಗೆ ಭಾರವಾಗಿತ್ತು. ಅವತ್ತು ಇನ್ನೂ ಒಂದು ಹೇಳಿದಳು. ಹದಿಮೂರನೇ ತಿಂಗಳೇ ಅವಳಿಗೆ ಅನುಮಾನ ಬಂದಿತ್ತಂತೆ, ಆ ತಿಂಗಳು ಎತ್ತಿದವರಿಗೆ ದುಡ್ಡು ಇನ್ನೂ ಬಂದಿಲ್ಲ ಅಂತ ಕೇಳಿದ್ದಳು. ಆದರೂ ಯಾರ ಹತ್ತಿರವೂ ಮಾತಾಡಲಿಲ್ಲ, ಹದಿನಾಲ್ಕನೇ ಕಂತು ಕಟ್ಟಿದಳು. "ನಾನು ಆವತ್ತು ಬಾಯಿಬಿಟ್ಟಿದ್ರೆ ಎದುರುಮನೆಯವರು ಆ ತಿಂಗಳದ್ದಾದರೂ ಉಳಿಸಿಕೊಳ್ತಿದ್ರು ಅಣ್ಣಾ. ಅವರದ್ದು ಎರಡು ಚೀಟಿ ಇತ್ತು."

ಆಮೇಲೆ ಬೇರೆ ದೊಡ್ಡ ಮೋಸಗಳನ್ನು ನೋಡಿದಾಗಲೂ ನನಗೆ ಇದೇ ಕಾಣಿಸುತ್ತೆ. ಬೆಂಗಳೂರಿನ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. 2019ರ ಜೂನ್‌ನಲ್ಲಿ ಶಿವಾಜಿನಗರದಲ್ಲಿ ಐಎಂಎ ಅನ್ನೋ ಹೂಡಿಕೆ ಕಂಪನಿಯ ಕಚೇರಿ ಮುಂದೆ ಸಾವಿರಾರು ಜನ ಸೇರಿದರು. ಕಂಪನಿ ಕಟ್ಟಿದವನ ಒಂದು ಆಡಿಯೋ ಹರಿದಾಡಿತ್ತು, ಅವನು ದುಬೈ ಸೇರಿದ್ದ, ಜುಲೈನಲ್ಲಿ ದೆಹಲಿಗೆ ಬಂದಾಗ ಬಂಧನವಾಯಿತು. ದುಡ್ಡು ಇಟ್ಟವರಲ್ಲಿ ಬಹಳಷ್ಟು ಜನ ಬಡ್ಡಿ ತಗೊಳ್ಳಬಾರದು ಅನ್ನುವ ನಂಬಿಕೆಯ ಮುಸ್ಲಿಮರು. ಇದು ಬಡ್ಡಿ ಅಲ್ಲ, ವ್ಯಾಪಾರದ ಲಾಭದ ಪಾಲು ಅಂತ ಅವರಿಗೆ ಹೇಳಲಾಗಿತ್ತು. ಏಳು ತಿಂಗಳು ಆಗಿತ್ತಷ್ಟೇ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ಇದೇ ಥರ ಜನ ನಿಂತಿದ್ದರು, ಹೆಚ್ಚಿನವರು ವಯಸ್ಸಾದವರು. ಒಬ್ಬರು 35,000ಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿತ್ತು. ಸುಳ್ಳು ಸಾಲದ ಖಾತೆಗಳನ್ನು ತೋರಿಸಿ ದುಡ್ಡು ಹೊರಗೆ ಹೋಗಿದೆ ಅನ್ನೋದು ಅಲ್ಲಿನ ಆರೋಪ. ಠೇವಣಿ ವಿಮೆ ಆಗ ಒಂದೇ ಲಕ್ಷಕ್ಕಿತ್ತು, ಮುಂದಿನ ತಿಂಗಳು ಐದು ಲಕ್ಷಕ್ಕೆ ಏರಿತು. ನಿವೃತ್ತಿಯ ಅಷ್ಟೂ ದುಡ್ಡನ್ನು ಅಲ್ಲೇ ಇಟ್ಟಿದ್ದವರಿಗೆ ಅದೂ ಸಾಲದು.

ಒಂದು ಶಿವಾಜಿನಗರ, ಒಂದು ಬಸವನಗುಡಿ. ಒಂದು ಕಂಪನಿ, ಇನ್ನೊಂದು ಲೈಸೆನ್ಸ್ ಇದ್ದ ಬ್ಯಾಂಕು. ಕೇಸುಗಳೂ ಬೇರೆ ಬೇರೆ. ಆದರೆ ಎರಡೂ ಕಡೆ ಜನ ಹೇಳಿದ ಮಾತು ಒಂದೇ: ನಮ್ಮವರು ಅಂತ ಇಟ್ಟೆವು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ರೂಪಾಯಿ ಲಾಭ ಎಲ್ಲಿಂದ ಬರುತ್ತೆ ಅಂತ ಹೊರಗಿನವನ ಹತ್ತಿರ ಕೇಳಬಹುದು. ದೇವರ ಹೆಸರು ಹೇಳುವ ನಮ್ಮವನನ್ನು ಹೇಗೆ ಕೇಳೋದು? ಕೇಳಿದರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ. ಪ್ರಶ್ನೆ ಕೇಳೋದಕ್ಕೇ ನಾಚಿಕೆ ಆಗುವಂಥ ಜಾಗದಲ್ಲಿ ಮೋಸ ನಿಧಾನಕ್ಕೆ ಬೆಳೆಯುತ್ತೆ.

1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ ಅನ್ನುವವನು 45 ದಿನಕ್ಕೆ ನೂರಕ್ಕೆ ಐವತ್ತು ಕೊಡ್ತೀನಿ ಅಂದ, ಹೊಸಬರ ದುಡ್ಡು ತೆಗೆದು ಹಳಬರಿಗೆ ಕೊಟ್ಟ. ಆ ಥರದ ಮೋಸಕ್ಕೆ ಅವನ ಹೆಸರೇ ನಿಂತಿದೆ. ಅವನ ದೊಡ್ಡ ಸಹಾಯಕರು ಅಂದರೆ ಮೊದಲ ಸಲ ನಿಜವಾಗಿ ದುಡ್ಡು ಪಡೆದವರು. ಅವರು ಸುಳ್ಳು ಹೇಳಲಿಲ್ಲ, ನನಗೆ ಬಂತು ಅಂತ ಹೇಳಿದರು. ನಿಜ ಬಾಯಿಂದ ಬಾಯಿಗೆ ಹರಡಿತು. ಕಳಕೊಂಡವರೂ ಅಷ್ಟೇ ಗಟ್ಟಿಯಾಗಿ ಮಾತಾಡಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು. ಗೆದ್ದವರು ಹೇಳುತ್ತಾರೆ, ಸೋತವರು ಮುಚ್ಚಿಡುತ್ತಾರೆ, ಹಾಗಾಗಿ ಹೊಸಬನ ಕಿವಿಗೆ ಬೀಳೋದು ಅರ್ಧ ಲೆಕ್ಕ.

ಇನ್ನು ಕೆಲವು ಮೋಸಗಳಲ್ಲಿ ಕಳಕೊಂಡವರಿಗೆ ತಾವು ಕಳಕೊಂಡದ್ದೇ ಗೊತ್ತಾಗೋದಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಛಾಪಾ ಕಾಗದವನ್ನೇ ನಕಲು ಮಾಡಿ ಮಾರಿದ. 2001ರಲ್ಲಿ ಸಿಕ್ಕಿಬಿದ್ದ, ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಅವನ ಕಾಗದದ ಮೇಲೆ ಮನೆ ಬಾಡಿಗೆ ಕರಾರು ಬರೆಸಿಕೊಂಡವರಿಗೆ ಏನೂ ಅನ್ನಿಸಿರಲಿಕ್ಕಿಲ್ಲ, ಹೋದದ್ದು ಖಜಾನೆಯ ದುಡ್ಡು. ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿ ಹಾಗಲ್ಲ, ಅದು ನನಗೆ ತುಂಬ ನೋವು ಕೊಟ್ಟಿದ್ದು. 545 ಹುದ್ದೆ, 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ, ಬರೆದವರು 50 ಸಾವಿರಕ್ಕೂ ಹೆಚ್ಚು. ದುಡ್ಡು ಕೊಟ್ಟವರ ಒಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟ ಗುಂಡುಗಳನ್ನು ಪರೀಕ್ಷೆ ಮುಗಿದ ಮೇಲೆ ತುಂಬಿದರು ಅನ್ನೋದು ಆರೋಪ. ಕಲಬುರಗಿಯ ಒಂದು ಕೇಂದ್ರದಿಂದ ಇದು ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಬಯಲಾಗದೇ ಇದ್ದಿದ್ದರೆ? ಲೈಬ್ರರಿಯಲ್ಲಿ ಓದಿ, ಹೊಲದ ಬದುವಿನ ಮೇಲೆ ಓಡಿ ತಯಾರಾದ ಹುಡುಗ, ನನ್ನ ಓದೇ ಸಾಲದಾಯ್ತು ಅಂತ ಸುಮ್ಮನಾಗಿಬಿಡುತ್ತಿದ್ದ. ಅವನ ಕೆಲಸದ ಜೊತೆ, ಅವನಿಗೆ ತನ್ನ ಮೇಲಿದ್ದ ಭರವಸೆಯನ್ನೂ ಕದ್ದ ಹಾಗಾಗುತ್ತಿತ್ತು. ಅದನ್ನು ಯಾವ ಕೋರ್ಟು ವಾಪಸ್ ಕೊಡಿಸುತ್ತೆ?

ಮಾವನ ಕಡೆಗೆ ಬರ್ತೀನಿ. ಅಮ್ಮನ ಪುಸ್ತಕವನ್ನು ಮಾವ ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಖಾಲಿ ಇದ್ದ ಆರು ನಂಬರಿನ ಮೇಲೆ ಬೆರಳಾಡಿಸಿದರು. ಆಮೇಲೆ ಫೋನ್ ಎತ್ತಿ ನನ್ನ ಕೈಗೆ ಕೊಟ್ಟು, ಯಾವ ನಂಬರಿಗೆ ಮಾಡಬೇಕು ಅಂದರು. ಆವತ್ತಿನವರೆಗೂ ಅವರು ದೂರು ಕೊಟ್ಟಿರಲಿಲ್ಲ, ನಾಲ್ಕು ಜನಕ್ಕೆ ಗೊತ್ತಾಗುತ್ತಲ್ಲ ಅಂತ. ಸೈಬರ್ ಮೋಸದ ದೂರಿಗೆ ಅಂತ ಇರುವ 1930 ಸಹಾಯವಾಣಿಗೆ ಮಾಡಿದೆವು. ಈ ನಂಬರಿಗೆ ಎಷ್ಟು ಬೇಗ ಹೇಳ್ತೀವೋ ಅಷ್ಟು ಒಳ್ಳೆಯದು, ಯಾಕೆಂದರೆ ದುಡ್ಡು ಮೊದಲ ಖಾತೆಯಲ್ಲಿ ನಿಲ್ಲೋದೇ ಇಲ್ಲ. ಗಂಟೆಗಳಲ್ಲಿ ಅದು ನಾಲ್ಕಾರು ಖಾತೆಗೆ ಒಡೆದು ಹೋಗುತ್ತೆ. ದೂರು ಬಂದ ಕೂಡಲೇ ಆ ಖಾತೆಗಳಲ್ಲಿ ಉಳಿದದ್ದನ್ನು ತಡೆಹಿಡಿಯುತ್ತಾರೆ. ಗುರುವಾರವೇ ಮಾಡಿದ್ದರೆ ಬಹಳ ಉಳಿಯುತ್ತಿತ್ತೇನೋ. ಭಾನುವಾರ ಮಾಡಿದ್ದಕ್ಕೆ ಎರಡು ಖಾತೆಯಲ್ಲಿ 1,62,000 ಸಿಕ್ಕಿತು. ಕೋರ್ಟ್ ಆದೇಶ ಆಗಿ ಅದು ಮಾವನ ಕೈಸೇರಲು ಏಳು ತಿಂಗಳು ಬೇಕಾಯಿತು. ಒಂದು ಖಾತೆ ಬೇರೆ ರಾಜ್ಯದ ಕೂಲಿ ಕೆಲಸದವನದ್ದು ಅಂತ ಪೊಲೀಸರು ಹೇಳಿದರು. 5,000 ರೂಪಾಯಿಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಕೊಟ್ಟಿದ್ದನಂತೆ.

ಆ ಫೋನಿನ ಆ ಕಡೆ ಇದ್ದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮ್ಯಾನ್ಮಾರ್, ಕಾಂಬೋಡಿಯಾ ಕಡೆ ಇಂಥ ಕೆಲಸಕ್ಕೇ ಬೇಲಿ ಹಾಕಿದ ಕಟ್ಟಡಗಳಿವೆ. ಡೇಟಾ ಎಂಟ್ರಿ ಕೆಲಸ ಅಂತ ಕರೆಸಿಕೊಂಡು, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಬಡಿದು ಫೋನ್ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ನೂರಾರು ಭಾರತೀಯರನ್ನು ಅಲ್ಲಿಂದ ಬಿಡಿಸಿ ವಾಯುಪಡೆಯ ವಿಮಾನದಲ್ಲಿ ಥಾಯ್ಲೆಂಡಿನಿಂದ ಕರೆತಂದರು. ಮೋಸ ಹೋಗಿ ಅಲ್ಲಿ ಸೇರಿದವರ ಕೈಯಲ್ಲೇ ಇನ್ನೊಬ್ಬರಿಗೆ ಮೋಸ ಮಾಡಿಸೋದು. ಈ ಸುದ್ದಿ ಓದಿದ ದಿನ ಮಾವನಿಗೆ ಫೋನ್ ಮಾಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನೂ ಯಾರದೋ ಸ್ಟೂಡೆಂಟೇ ಅಲ್ವೇನಪ್ಪ" ಅಂದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಆ ದುಡ್ಡು ಯಾರ ಕೈಸೇರಿತೋ ಅವರ ಮೇಲೆ ನನ್ನ ಸಿಟ್ಟು ಇನ್ನೂ ಹಾಗೇ ಇದೆ.

ಸ್ಟೇಷನ್ನಿಗೆ ಕೊಡಲು ದೂರು ಬರೆಯುವಾಗ ಮಾವ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ‘ನಾನು ಮೋಸ ಹೋಗಿರುತ್ತೇನೆ’ ಅಂತ ಹೇಳಿ ನಿಲ್ಲಿಸಿದರು. ಅಳಿಸು ಅಂದರು. ‘ಅವರು ನನಗೆ ಮೋಸ ಮಾಡಿರುತ್ತಾರೆ’ ಅಂತ ಹಾಕು.

ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಅವರು ಮತ್ತೆ ಮಹಾರಾಜ ಪಾರ್ಕಿಗೆ ವಾಕಿಂಗ್ ಶುರು ಮಾಡಿದರು. ಅಲ್ಲಿ ಒಂದು ಬೆಂಚಿದೆ, ಐದಾರು ರಿಟೈರ್ಡ್ ಜನ ಕೂರುತ್ತಾರೆ. ಒಂದು ದಿನ ಎಲ್ಲವನ್ನೂ ಮೊದಲಿನಿಂದ ಹೇಳಿದರಂತೆ, ಪಾರ್ಸೆಲ್, ವಿಡಿಯೋ, ಎಫ್‌ಡಿ, ಕೆಂಪು ಪೆನ್ನು. ಯಾರೂ ನಗಲಿಲ್ಲ. ಮಾರನೇ ದಿನ ಆ ಗುಂಪಿನಲ್ಲಿ ಒಬ್ಬರು ಬೇಗ ಬಂದು ಮಾವನಿಗೆ ಕಾಯುತ್ತಾ ಕೂತಿದ್ದರು. 2017ರಲ್ಲಿ ಅವರು ಸೈಟಿಗೆ ಅಂತ ನಾಲ್ಕು ಲಕ್ಷ ಮುಂಗಡ ಕೊಟ್ಟಿದ್ದರಂತೆ, ಅದೇ ಸೈಟಿಗೆ ಇನ್ನಿಬ್ಬರು ಕೊಟ್ಟಿದ್ದರು. ಮಧ್ಯೆ ನಿಂತವರು ಅವರ ಹೆಂಡತಿಯ ಕಡೆಯ ನೆಂಟರು. ಮನೆಯವರಿಗೆ ಇನ್ನೂ ಹೇಳಿಲ್ಲ ಮೇಷ್ಟ್ರೇ ಅಂದರಂತೆ.

ಅವತ್ತು ರಾತ್ರಿ ಮಾವ ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿ, ನಿಮ್ಮಮ್ಮನ ಆ ಪುಸ್ತಕ ಇನ್ನೂ ಇದೆಯೇನೋ, ಅವರಿಗೊಂದು ಸಲ ತೋರಿಸಬೇಕಿತ್ತು ಅಂದರು. ನಾನು ಫೋಟೋ ತೆಗೆದು ಕಳಿಸ್ತೀನಿ ಅಂದೆ. ಅಮ್ಮ ಒಪ್ಪಲಿಲ್ಲ. ಮುಂದಿನ ವಾರ ತಾನೇ ತಗೊಂಡು ಹೋಗುತ್ತಾಳಂತೆ. ಹೋಗುವುದಕ್ಕೆ ಮುಂಚೆ ಅಪ್ಪನಿಗೆ ಹೇಳಬೇಕು, ಭಾನುವಾರ ಹೇಳ್ತೀನಿ, ನೀನೂ ಮನೇಲಿರು ಅಂತ ನನಗೆ ಹೇಳಿದ್ದಾಳೆ.